ಹೆಸರ ಅಳಸಬ್ಯಾಡ್ರಿ, ಕೆಳಗ ನಿಮ್ಮದ ಸೇರಸ್ರಿ

ಪ್ರಶ್ನೆ: ನಮಸ್ಕಾರ್ರೀ ಸರ್. ನಮ್ಮದು ಗುಳೇದಗುಡ್ಡ. ನೆಟ್‌ನ್ಯಾಗ ಎಂಐಟಿ ಲೈಸೆನ್ಸಿನ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಸಿಕ್ತು, ಸ್ಕ್ರೀನ್ ಎಲ್ಲಾ ಕನ್ನಡ ಮಾಡಿ, ಜಿಎಸ್‌ಟಿ ಬಿಲ್ ಸೇರ್ಸಿ, ಖಣ ಪೀಸ್ ಲೆಕ್ಕದಾಗೂ ಮೀಟರ್ ಲೆಕ್ಕದಾಗೂ ಮಾರೂ ಹಂಗ ಮಾಡೀನಿ. ನಾಕ್ ಅಂಗಡಿಗೆ ಕೊಟ್ಟೀನಿ, ರೊಕ್ಕಾನೂ ಬಂದೈತಿ. ಪ್ರತಿ ಫೈಲಿನ ತಲಿಮ್ಯಾಲ ಯಾರದೋ ಹೆಸರು, ಕಾಪಿರೈಟ್ 2016 ಅಂತ ಇತ್ತು, ಅದನ್ನ ಅಳಸಿ ನನ್ನ ಹೆಸರು ಹಾಕೀನಿ. ದೋಸ್ತ ಇದು ಕಳವು ಅಂತಾನ, ಅರ್ಧಕ್ಕಿಂತ ಹೆಚ್ಚು ಕೋಡ್ ನಾನ ಬರದೀನಿ ಅಂದ್ರೂ ಕೇಳವಲ್ಲ. ಬಿಲ್ ಪಿಡಿಎಫ್ ಮಾಡಾಕ ಬ್ಯಾರೆ ಒಂದು ಲೈಬ್ರರಿನೂ (ಬ್ಯಾರೆಯವರು ಬರದಿಟ್ಟ ತಯಾರ್ ಕೋಡ್) ಹಾಕೀನಿ, ಅದರ ಫೋಲ್ಡರ್‌ನ್ಯಾಗ ಜಿಪಿಎಲ್ ಅಂತ ಫೈಲ್ ಐತಿ, ಓದಿಲ್ಲ. ಯಾರದು ಖರೇ?

ಉತ್ತರ: ದೋಸ್ತಂದ. ಸಿಟ್ಟಾಗಬ್ಯಾಡ್ರಿ, ಮಾರಿದ್ದು ತಪ್ಪಲ್ಲ, ಬದಲಿ ಮಾಡಿದ್ದೂ ತಪ್ಪಲ್ಲ, ತಪ್ಪಾಗಿದ್ದು ಆ ಒಂದು ಸಾಲಿನಾಗ. ಲೈಸೆನ್ಸ್ ಅಂದ್ರ ಕೋಡ್ ಬಳಸಾಕ ಬರದವ್ರು ಕೊಟ್ಟ ಅಪ್ಪಣಿ. ಎಂಐಟಿ ಲೈಸೆನ್ಸ್ ಭಾಳ ಉದಾರಿ, ಏನರ ಮಾಡ್ಕೋ, ಮಾರ್ಕೋ, ಸೋರ್ಸ್ ಕೋಡ್ (ಕೈಲೆ ಬರದ ಮೂಲ ಕೋಡ್) ಮುಚ್ಚಿಟ್ಕೋ ಅಂತೈತಿ, ಅದಕ್ಕ ಪ್ರತಿಯಾಗಿ ಕೇಳೋದು ಒಂದ ಒಂದು: ನಮ್ಮ ಕಾಪಿರೈಟ್ ಸಾಲು ಮತ್ತ ಈ ಲೈಸೆನ್ಸಿನ ಮಾತು ಪ್ರತಿ ಕಾಪಿ ಜೋಡಿ ಹೋಗ್ಲಿ ಅಂತ. ನೀವು ಬರೋಬ್ಬರಿ ಅದನ್ನ ಅಳಸೀರಿ ನೋಡ್ರಿ.

ಅರ್ಧ ನಾನ ಬರದೀನಿ ಅಂದ್ರೆಲಾ, ಆ ಅರ್ಧ ನಿಮ್ಮದ, ಯಾರೂ ಕಸ್ಕೊಳ್ಳಂಗಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆದಾಗ ಕಂಪ್ಯೂಟರ್ ಪ್ರೋಗ್ರಾಂ ಅಂದ್ರ ಸಾಹಿತ್ಯ ಕೃತಿ ಇದ್ದಂಗ, ಬರದ ಕೂಡ್ಲೇ ಹಕ್ಕು ಹುಟ್ಟತೈತಿ, ರಿಜಿಸ್ಟ್ರೇಶನ್ ಬೇಕಿಲ್ಲ, ಬರದವ್ರು ಇರೋತನಕ ಮತ್ತ ಹೋದ ಮ್ಯಾಲೂ 60 ವರ್ಷ ಇರತೈತಿ. ಆದ್ರ ಈ ಕಾಯ್ದೆ ನಿಮಗೆಷ್ಟೋ ಮೂಲದವನಿಗೂ ಅಷ್ಟ. ಇಳಕಲ್ ಸೀರಿ ನೇಯೂದು ನೋಡೀರಿಲ್ಲ, ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡನ್ನೂ ಕೊಂಡಿ ಹಾಕಿ ಜೋಡಸ್ತಾರ. ಸೆರಗ ನೇಯ್ದವ ಒಡಲೂ ನಂದ ಅಂದ್ರ ಹೆಂಗ?

ಈಗ ಮಾಡೂದು ಏನಂದ್ರ, ನೀವು ಗಿಟ್ (ಕೋಡಿನ ಪ್ರತಿ ಬದಲಿನ ದಾಖಲೆ ಇಡೋ ಸಾಫ್ಟ್‌ವೇರ್) ಬಳಸಿದ್ರ ಮೊದಲನೇ ಕಮಿಟ್‌ನ್ಯಾಗ, ಅಂದ್ರ ಮೊದಲ ಸಲ ದಾಖಲ್ ಮಾಡಿದ ಕಾಪಿಯಾಗ, ಹಳೇ ಸಾಲು ಹಂಗ ಕುಂತಿರತಾವ, ಇಲ್ಲಂದ್ರ ಮೂಲ ಮತ್ತೊಮ್ಮೆ ಡೌನ್‌ಲೋಡ್ ಮಾಡ್ರಿ. ಪ್ರತಿ ಫೈಲಿನ ತಲಿಮ್ಯಾಲ ಅವರ 'ಕಾಪಿರೈಟ್ 2016' ಸಾಲು ಒಂದು ಅಕ್ಷರಾನೂ ತಿದ್ದದ ಇಟ್ಟು, ಅದರ ಕೆಳಗ 'ಕಾಪಿರೈಟ್ 2024' ಅಂತ, ಅಂದ್ರ ನೀವು ಬರದ ವರ್ಷ, ಮುಂದ ನಿಮ್ಮ ಹೆಸರು. ಅವರ 2016ನ್ನ ಹೊಸಾ ವರ್ಷ ಮಾಡಾಕ ಹೋಗಬ್ಯಾಡ್ರಿ, ಅದು ನಿಮ್ಮ ಕೆಲಸ ಅಲ್ಲ. ನೀವು ಕೈ ಹಚ್ಚದ ಫೈಲಿಗೆ ನಿಮ್ಮ ಹೆಸರು ಬ್ಯಾಡ, ಪೂರ್ತಿ ನೀವ ಬರದ ಫೈಲಿಗೆ (ಜಿಎಸ್‌ಟಿ ಫೈಲ್ ಅಂಥಾದ್ದ ಇರಬೇಕು) ನಿಮ್ಮ ಹೆಸರೊಂದ ಸಾಕು. ಈಗಾಗ್ಲೇ ಕೊಟ್ಟ ನಾಕ್ ಅಂಗಡಿಗೂ ಸರಿ ಮಾಡಿದ ಕಾಪಿ ಹಾಕಿ ಬರ್ರಿ.

ಇಷ್ಟ ಸಣ್ಣ ಸಾಲಿಗೆ ಯಾರ ಕೋರ್ಟಿಗೆ ಹೋಗ್ತಾರ ಅಂತೀರೇನು? ಅಮೆರಿಕಾದಾಗ ಆಟದ ರೈಲು ಓಡಸೋ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲಾರಿಗೂ ತೆರದಿಟ್ಟ) ಸಾಫ್ಟ್‌ವೇರ್ ಇತ್ತು, ಅದರ ಫೈಲ್ ತಗೊಂಡ ಒಬ್ಬ ಮೂಲದವರ ಹೆಸರು, ಕಾಪಿರೈಟ್ ಸಾಲು, ಏನು ಬದಲಿ ಮಾಡೀನಿ ಅನ್ನೋ ವಿವರ ಒಂದೂ ಇಡದ ತನ್ನ ಸಾಫ್ಟ್‌ವೇರ್‌ನ್ಯಾಗ ಸೇರಿಸಿದ. ಜೇಕಬ್ಸನ್ ಮತ್ತ ಕಾಟ್ಜರ್ ಕೇಸ್ ಅಂತ ಹೆಸರು. 2008ರಾಗ ಅಲ್ಲಿನ ಫೆಡರಲ್ ಸರ್ಕ್ಯೂಟ್ ಕೋರ್ಟ್, ಪುಕ್ಕಟೆ ಕೊಟ್ರೂ ಲೈಸೆನ್ಸಿನ ಷರತ್ತು ಷರತ್ತ ಮತ್ತ, ಮುರದ್ರ ಕಾಪಿರೈಟ್ ಉಲ್ಲಂಘನೆ ಆಗಬಹುದು ಅಂತ ಹೇಳಿತು. ಆಟದ ರೈಲಿಂದ ಬಂದ ತೀರ್ಪು, ಆದ್ರ ಈಗ ಎಲ್ಲಾ ವಕೀಲರ ಬಾಯಾಗ ಐತಿ.

ನನಗ ಖರೇ ಚಿಂತಿ ಆಗಿದ್ದು ನೀವು ಓದದ ಬಿಟ್ಟ ಆ ಜಿಪಿಎಲ್ ಫೈಲಿನ ಬಗ್ಗೆ. ಜಿಪಿಎಲ್ಲೂ ಒಂದು ಲೈಸೆನ್ಸ, ಆದ್ರ ಎಂಐಟಿಗಿಂತ ಬಿಗಿ. ಲೈಬ್ರರಿ ಪೂರ್ತಿ ಜಿಪಿಎಲ್ ಇದ್ದು, ನಿಮ್ಮ ಪ್ರೋಗ್ರಾಂ ಒಳಗ ಅದು ಕೂಡ್ಕೊಂಡಿದ್ರ, ಅಂಗಡಿಗೆ ಕೊಡೂ ಮುಂದ ಇಡೀ ಸಾಫ್ಟ್‌ವೇರ್ ಜಿಪಿಎಲ್ ಷರತ್ತಿನ ಮ್ಯಾಲ ಕೊಡಬೇಕಾಗತೈತಿ. ರೊಕ್ಕ ತಗೋರಿ, ಅಡ್ಡಿ ಇಲ್ಲ, ಆದ್ರ ಸೋರ್ಸ್ ಕೋಡ್ ಕೇಳಿದ್ರ ಕೊಡಬೇಕು. 'ಒಂದ ಕಂಪ್ಯೂಟರ್‌ಗೆ ಹಾಕಬೇಕು, ಬಾಜೂ ಅಂಗಡಿಗೆ ಕೊಡಬಾರದು' ಅಂತ ಕಟ್ಟು ಹಾಕಾಕೂ ಬರಂಗಿಲ್ಲ. ಮೂಲದವರ ಎಂಐಟಿ ಸಾಲು ಆಗ್ಲೂ ಹಂಗ ಇರಬೇಕು. ಜಿಪಿಎಲ್‌ದು 1991ರ ಎರಡನೇ ಆವೃತ್ತಿ ಇದ್ರ ಷರತ್ತು ಮುರದ ಕೂಡ್ಲೇ ಹಕ್ಕು ತಾನ ಹೋಗತೈತಿ, 2007ರ ಮೂರನೇದ್ರಾಗ ಮಾತ್ರ ತಿದ್ಕೊಳ್ಳಾಕ ಅವಕಾಶ ಐತಿ, ಮೊದಲನೇ ಸಲದ ತಪ್ಪಾಗಿದ್ರ ನೋಟಿಸ್ ಬಂದ 30 ದಿನದಾಗ ಸರಿ ಮಾಡಿದ್ರ ಹಕ್ಕು ಉಳೀತೈತಿ. ಬದಲಿ ಮಾಡೀನಿ ಅಂತ ತಾರೀಖು ಸಮೇತ ಬರೀಬೇಕು, ಇದು ಎರಡರಾಗೂ ಐತಿ. ಇದೆಲ್ಲಾ ಬ್ಯಾಡ ಅನಿಸಿದ್ರ ಪಿಡಿಎಫ್‌ಗೆ ಎಂಐಟಿನೋ, ಅದರಂಗ ಸಡಿಲ ಇರೋ ಬಿಎಸ್‌ಡಿ ಲೈಸೆನ್ಸೋ ಇದ್ದ ಬ್ಯಾರೆ ಲೈಬ್ರರಿ ಹುಡುಕ್ರಿ, ನಾನಾಗಿದ್ರ ಅದನ್ನ ಮಾಡ್ತಿದ್ದೆ.

ಪ್ರಶ್ನೆ: ಬೆಳಗಾವಿಯಾಗ ಇಂಜಿನಿಯರಿಂಗ್ ಓದಾಕತ್ತೀನಿ. ಫೈನಲ್ ಪ್ರೊಜೆಕ್ಟಿಗೆ ಗಿಟ್‌ಹಬ್ ಅನ್ನೋ ಕೋಡ್ ಹಂಚೋ ವೆಬ್‌ಸೈಟ್‌ನ್ಯಾಗ ಒಂದು ಕೋಡ್ ಸಿಕ್ಕೈತಿ, ಲೈಸೆನ್ಸ್ ಫೈಲ್ ಇಲ್ಲವೇ ಇಲ್ಲ. ಅಂದ್ರ ಫ್ರೀ ಅಂತ ಅಲ್ಲೇನ್ರೀ?

ಉತ್ತರ: ಉಲ್ಟಾ. ಲೈಸೆನ್ಸ್ ಇಲ್ಲ ಅಂದ್ರ ಅಪ್ಪಣಿ ಇಲ್ಲ. ಬಾಗಲಾ ತೆರದೈತಿ ಅಂತ ಮನಿ ನಿಮ್ಮದಾಗಂಗಿಲ್ಲ. ಬರದವ್ರಿಗೆ ಎರಡು ಸಾಲು ಮೇಲ್ ಹಾಕ್ರಿ, ಲೈಸೆನ್ಸ್ ಸೇರಸ್ತೀರೇನ್ರೀ ಅಂತ ಕೇಳ್ರಿ, ಭಾಳ ಸಲ ಅವರು ಮರತಿರ್ತಾರ ಅಷ್ಟ. ಉತ್ತರ ಬರಲಿಲ್ಲಂದ್ರ ಬ್ಯಾರೆ ಕೋಡ್ ನೋಡ್ರಿ.

ಪ್ರಶ್ನೆ: ವಿಜಯಪುರದಿಂದ. ಬಿಎಸ್‌ಡಿ ಕೋಡ್ ಬಳಸಿ ಆ್ಯಪ್ ಮಾಡೀವಿ. ಪಾಂಪ್ಲೆಟ್‌ನ್ಯಾಗ, ಬ್ಯಾನರ್‌ನ್ಯಾಗ ಮೂಲದವರ ಹೆಸರು ಹಾಕಬೇಕೇನು?

ಉತ್ತರ: ಬ್ಯಾಡ್ರಿ. ಹಳೇ ಬಿಎಸ್‌ಡಿಯೊಳಗ ಜಾಹೀರಾತಿನಾಗೂ ಹೆಸರು ಹಾಕಬೇಕು ಅನ್ನೋ ಕಲಂ ಇತ್ತು, ಎಲ್ಲಾರೂ ತಮ್ಮ ತಮ್ಮ ಹೆಸರಿನ ಸಾಲು ಸೇರಿಸ್ಕೊಂತ ಹೋಗಿ 1997ರ ನೆಟ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ್ಯಾಗ ಅಂಥವು 75 ಆಗಿದ್ವಂತ. 1999ರಾಗ ಬಿಎಸ್‌ಡಿ ಹುಟ್ಟಿದ ಅಮೆರಿಕಾದ ಬರ್ಕ್ಲಿ ವಿಶ್ವವಿದ್ಯಾಲಯ ಆ ಕಲಂ ತಗದು ಹಾಕಿತು. ಈಗ ಮೂರು ಕಲಂನ ಬಿಎಸ್‌ಡಿ ಇದ್ರ ಅವರ ಕಾಪಿರೈಟ್ ಸಾಲು ಮತ್ತ ಲೈಸೆನ್ಸಿನ ಮಾತು ಆ್ಯಪ್ ಜೋಡಿ ಕೊಡೂ ಡಾಕ್ಯುಮೆಂಟಿನಾಗ ಇದ್ರ ಸಾಕು, ಬ್ಯಾನರಿನ ಮ್ಯಾಲ ಅವರ ಹೆಸರ ಹೇಳಿ ಮಾರಾಕ ಹೋದ್ರನ ತಪ್ಪಾಗತೈತಿ, ಅದಕ್ಕ ಬರವಣಿಗ್ಯಾಗ ಅಪ್ಪಣಿ ತಗೋಬೇಕು.