ಅಳಿಯನ ಮುತ್ತಜ್ಜನ ಪಹಣಿ

ಪ್ರಶ್ನೆ: ಅಳಿಯ ಐರ್ಲೆಂಡಿನವರು. ಅವರ ಮುತ್ತಜ್ಜನ ಅಪ್ಪ ಮೇಯೋ ಕಡೆ ಗೇಣಿ ರೈತರಂತೆ. ಹಳೇ ಜನಗಣತಿಯಲ್ಲಿ ಹೆಸರೇ ಸಿಗುತ್ತಿಲ್ಲ, ಏನು ಮಾಡೋದು?
– ಓದುಗರು, ದಾವಣಗೆರೆ

ಉತ್ತರ: ಸಿಗೋದು ಕಷ್ಟ ಬಿಡಿ. 1821ರಿಂದ 1851ರವರೆಗಿನ ಗಣತಿ ಪುಸ್ತಕಗಳು ಬಹುಪಾಲು 1922ರಲ್ಲಿ ಡಬ್ಲಿನ್ ದಾಖಲೆ ಕಚೇರಿಯಲ್ಲೇ ಸುಟ್ಟುಹೋದವು. ನಾವು ಹಳೇ ಪಹಣಿ ಹುಡುಕುವ ಹಾಗೆ ಜಮೀನಿನ ದಾಖಲೆ ಹಿಡಿಯಿರಿ. ಮೊದಲು ಊರಿನ ಹೆಸರು ಬೇಕು, ಅಲ್ಲಿ ಟೌನ್‌ಲ್ಯಾಂಡ್ ಅಂತಾರೆ. 1847ರಿಂದ 1864ರ ನಡುವಿನ ಗ್ರಿಫಿತ್ಸ್ ವ್ಯಾಲ್ಯುಯೇಶನ್‌ನಲ್ಲಿ (ತೆರಿಗೆಗಾಗಿ ಜಮೀನು, ಮನೆಗಳಿಗೆ ಬೆಲೆ ಕಟ್ಟಿದ ಸರ್ಕಾರಿ ಪಟ್ಟಿ) ಗೇಣಿದಾರ, ಜಮೀನ್ದಾರ ಇಬ್ಬರ ಹೆಸರೂ ಇದೆ, ಆನ್‌ಲೈನಲ್ಲಿ ಪುಕ್ಕಟೆ. ಅದೇ ಪಟ್ಟಿಯ ಆಮೇಲಿನ ತಿದ್ದುಪಡಿ ಪುಸ್ತಕಗಳು ಇನ್ನೂ ಚೆನ್ನ: ಹಳೇ ಹೆಸರಿಗೆ ಗೀಟು ಎಳೆದು ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು, ಪಕ್ಕದಲ್ಲಿ ಇಸವಿ. ಅಪ್ಪ ತೀರಿಕೊಂಡು ಮಗನಿಗೆ ಬಂದದ್ದು ಅಲ್ಲೇ ಗೊತ್ತಾಗಬಹುದು. ಜಮೀನ್ದಾರ ಸಿಕ್ಕರೆ ಅವನ ಎಸ್ಟೇಟಿನ ಗೇಣಿ ಲೆಕ್ಕವನ್ನು ಡಬ್ಲಿನ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೇಳಿ. ಒಂದೇ ಹೆಸರಿನವರು ಜಾಸ್ತಿ ಇರುತ್ತಾರೆ, ನಮ್ಮಲ್ಲಿ ಬಸವರಾಜಪ್ಪಗಳು ಇಲ್ವಾ, ಹಾಗೆ.