ಬೋರ್ಡಿಗೇ ಸೋಲ್ಡರ್ ಮಾಡಿದ ಸ್ಟೋರೇಜ್: ಲ್ಯಾಪ್‌ಟಾಪ್ ತೆಗೆದುಕೊಳ್ಳಬಹುದಾ?

ಪ್ರಶ್ನೆ: ಮಗಳು ಡಿಗ್ರಿಗೆ ಸೇರಿದ್ದಾಳೆ. ಎರಡು ಲ್ಯಾಪ್‌ಟಾಪ್ ನೋಡಿಟ್ಟಿದ್ದೇವೆ. ಒಂದರಲ್ಲಿ 128 ಜಿಬಿ ಇಎಂಎಂಸಿ ಎಂಬ ಸ್ಟೋರೇಜ್ ಚಿಪ್. ಇನ್ನೊಂದರಲ್ಲಿ 512 ಜಿಬಿಯ, ಬಿಚ್ಚಿ ತೆಗೆಯಬಹುದಾದ ಎಂ.2 ಎಸ್‌ಎಸ್‌ಡಿ, ಬೆಲೆ ಸ್ವಲ್ಪ ಜಾಸ್ತಿ. ಅಗ್ಗದ್ದರ ಸ್ಟೋರೇಜ್ ಮದರ್‌ಬೋರ್ಡಿಗೇ ಸೋಲ್ಡರ್ ಮಾಡಿದ್ದಂತೆ (ಬೆಸುಗೆ ಹಾಕಿದ್ದಂತೆ). ತೊಂದರೆ ಉಂಟಾ?
– ಓದುಗರು, ಬದಿಯಡ್ಕ

ಉತ್ತರ: ಉಂಟು. ಎರಡನೆಯದನ್ನೇ ತೆಗೆದುಕೊಳ್ಳಿ.

ಜಾಗ ಸಾಲದಿರುವುದು ಸಣ್ಣ ಸಂಗತಿ. ನನಗೆ ಹೆದರಿಕೆ ಇರುವುದು ಬೇರೆ ಕಡೆ. ಸ್ಟೋರೇಜ್ ಬೋರ್ಡಿನಲ್ಲೇ ಇದ್ದರೆ, ಬೋರ್ಡ್ ಹಾಳಾದ ದಿನ ಮಗಳ ನೋಟ್ಸ್, ಪ್ರಾಜೆಕ್ಟ್, ಫೋಟೊ ಎಲ್ಲವೂ ಒಳಗೇ ಸಿಕ್ಕಿಬೀಳುತ್ತವೆ. ನಮ್ಮ ಕಾಸರಗೋಡು ಕಡೆ ಬೋರ್ಡ್ ಹಾಳಾಗಲು ಕಾರಣಗಳೂ ಜಾಸ್ತಿ. ಮಳೆಗಾಲವಿಡೀ ತೇವ. ತುಲಾ ತಿಂಗಳ ಸಂಜೆ ಮಿಂಚು ಹೊಡೆದರೆ ಚಾರ್ಜರ್ ಅಥವಾ ಇಂಟರ್‌ನೆಟ್ ಕೇಬಲ್ ಮೂಲಕ ಕರೆಂಟ್ ನುಗ್ಗಬಹುದು. ಬೋರ್ಡ್ ಸುಟ್ಟರೂ ಎಸ್‌ಎಸ್‌ಡಿ ಎಷ್ಟೋ ಸಲ ಚೆನ್ನಾಗಿಯೇ ಉಳಿದಿರುತ್ತದೆ.

ಸಾಮಾನ್ಯವಾದ ಎಂ.2 ಡ್ರೈವ್ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ತೆಳು ಪಟ್ಟಿ (ಈ ಅಳತೆಗೇ 2280 ಎನ್ನುವುದು). ಹಿಡಿದಿಡುವುದು ಒಂದೇ ಸ್ಕ್ರೂ. ಅದನ್ನು ಬಿಚ್ಚಿದರೆ ಪಟ್ಟಿಯ ತುದಿ ತಾನಾಗಿ ಮೇಲೇಳುತ್ತದೆ, ಮೆಲ್ಲಗೆ ಎಳೆದರೆ ಕೈಗೆ ಬರುತ್ತದೆ. ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಫೈಲುಗಳು ಸಿಗುತ್ತವೆ. ಆದರೆ ವಿಂಡೋಸ್ 11 ಇರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ. ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ಆಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಮೊದಲ ವಾರವೇ ಕಾಗದದಲ್ಲಿ ಬರೆದಿಡಿ.

ಇಎಂಎಂಸಿ ಹಾಗಲ್ಲ. ಚಿಪ್ಪಿನ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಸೋಲ್ಡರ್ ಗುಂಡುಗಳಿರುತ್ತವೆ. ಅದನ್ನು ಕೀಳಲು ಬಿಸಿಗಾಳಿ ಯಂತ್ರ, ಪಳಗಿದ ಕೈ ಎರಡೂ ಬೇಕು. ಇತ್ತೀಚಿನ ಮ್ಯಾಕ್‌ಬುಕ್‌ಗಳಲ್ಲಂತೂ ಸ್ಟೋರೇಜ್ ಚಿಪ್ ಕಿತ್ತರೂ ಪ್ರಯೋಜನವಿಲ್ಲ, ಬೀಗದ ಕೀ ಮುಖ್ಯ ಚಿಪ್ಪಿನೊಳಗೇ ಇರುತ್ತದೆ. ಯಂತ್ರ ತೆಳ್ಳಗಾಗುತ್ತದೆ, ಖರ್ಚು ಉಳಿಯುತ್ತದೆ ಎಂದು ಕಂಪನಿಗಳು ಹೀಗೆ ಮಾಡುತ್ತವೆ. ಆ ಉಳಿತಾಯಕ್ಕೆ ವಿದ್ಯಾರ್ಥಿಯ ಮೂರು ವರ್ಷದ ಕೆಲಸ ಒತ್ತೆ ಇಡುವುದು ನನಗೆ ಒಪ್ಪಿಗೆಯಿಲ್ಲ.

ಹಾಗೆಂದು ತೆಗೆಯಬಹುದಾದ ಎಸ್‌ಎಸ್‌ಡಿ ಕೆಡುವುದೇ ಇಲ್ಲ ಎಂದಲ್ಲ. ಕೆಟ್ಟರೆ ಸೂಚನೆ ಕೊಡದೆ ಕೆಡಬಹುದು. ವಾರಕ್ಕೊಮ್ಮೆ ಎಕ್ಸ್‌ಟರ್ನಲ್ ಡ್ರೈವಿಗೆ ಕಾಪಿ ಮಾಡಿ, ಆಮೇಲೆ ಅದನ್ನು ಲ್ಯಾಪ್‌ಟಾಪಿನಿಂದ ಕಳಚಿಡಿ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲಿ ಇಷ್ಟು ಕೇಳಿ: ಎಂ.2 ಅಳತೆ 2280 ಅಲ್ವಾ? ಇನ್ನೊಂದು ಸ್ಲಾಟ್ ಖಾಲಿ ಉಂಟಾ? ರ್‍ಯಾಮ್ ಬದಲಿಸಬಹುದಾ? ಹಿಂಬದಿ ಬಿಚ್ಚಿದರೆ ವಾರಂಟಿ ಹೋಗುತ್ತದಾ? ಬಾಯಿಮಾತು ಸಾಲದು, ಮಾಡೆಲ್ ನಂಬರ್ ಹಾಕಿ ಕಂಪನಿಯ ಮ್ಯಾನುಯಲ್‌ನಲ್ಲಿ ತೋರಿಸಲು ಹೇಳಿ.