ಕತ್ತಲಲ್ಲಿ ಕೂತು ಹಕ್ಕಿ ಎಣಿಸುವವರು

ಓದುಗರ ಪತ್ರ: ನನ್ನ ಮಗಳು, ಅಳಿಯ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿದ್ದಾರೆ. ಮಗಳು ಅಲ್ಲಿ ಕಿವಿ ಹಕ್ಕಿ ಕಾಯುವ ಗುಂಪಿಗೆ ಸೇರಿಕೊಂಡಿದ್ದಾಳೆ. ರಜೆ ಬಂತೆಂದರೆ ಗುಡ್ಡ ಹತ್ತಿ ಬೋನು ನೋಡಿ ಬರುತ್ತಾಳೆ. ಬೋನಿಗೆ ಬಿದ್ದ ಪ್ರಾಣಿ ಸತ್ತಿರುತ್ತದಂತೆ. ಬರುವ ಚಳಿಗಾಲದಲ್ಲಿ ರಾತ್ರಿ ಕೂತು ಹಕ್ಕಿಯ ಕೂಗು ಎಣಿಸುವುದನ್ನೂ ಕಲಿಯುತ್ತಾಳಂತೆ. ಅಲ್ಲಿ ಸರ್ಕಾರದ ಇಲಾಖೆ ಇಲ್ಲವೇ? ಕೂಗು ಎಣಿಸಿದರೆ ಹಕ್ಕಿ ಉಳಿಯುತ್ತದೆಯೇ? ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲುವುದು ಪಾಪ ಅಲ್ವಾ? ಈಗ ನಾಯಿ ಬೇರೆ ಸಾಕುತ್ತೇನೆ ಅನ್ನುತ್ತಿದ್ದಾಳೆ.
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮಾ,

ನಿಮ್ಮನ್ನು ಹೆಚ್ಚು ಕಾಡಿರುವುದು ಪಾಪದ ಪ್ರಶ್ನೆ ಅಂತ ಪತ್ರ ಓದುವಾಗಲೇ ಗೊತ್ತಾಯಿತು. ಅದನ್ನು ತಪ್ಪಿಸಿಕೊಳ್ಳುವುದಿಲ್ಲ. ಆದರೆ ಮೊದಲು ಆ ಎಣಿಕೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಅದು ಗೊತ್ತಾದರೆ ಉಳಿದದ್ದು ಸುಲಭ.

ಕಿವಿ ಅಂದರೆ ಆ ದೇಶದ, ಹಾರಲಾರದ ಹಕ್ಕಿ. ಅದು ಹಗಲೆಲ್ಲ ಬಿಲದಲ್ಲೋ ಪೊಟರೆಯಲ್ಲೋ ಮಲಗಿರುತ್ತದೆ. ಹೊರಗೆ ಬರುವುದು ರಾತ್ರಿ. ಕಾಡಂಚಿನಲ್ಲೇ ಮನೆ ಇದ್ದವರಿಗೂ ಅದು ಕಣ್ಣಿಗೆ ಬೀಳುವುದು ಅಪರೂಪ. ಹಾಗಾಗಿ ಕೇಳಿಯೇ ಎಣಿಸಬೇಕು. ಮೇ, ಜೂನ್ ಅಂದರೆ ಅಲ್ಲಿ ಚಳಿ ಶುರುವಾಗುವ ಹೊತ್ತು. ಆಗ ಹಕ್ಕಿಗಳ ಕೂಗು ಜಾಸ್ತಿ. ಅಮಾವಾಸ್ಯೆಯ ಆಸುಪಾಸಿನಲ್ಲಿ ನಾಲ್ಕು ರಾತ್ರಿ ಆರಿಸಿಕೊಳ್ಳುತ್ತಾರೆ. ಕತ್ತಲಾದ ಮೇಲೆ ದಿನಕ್ಕೆ ಎರಡು ಗಂಟೆ ಕೂರಬೇಕು. ಬೆಚ್ಚಗೆ ಹೊದ್ದು, ಮೊಬೈಲ್ ಒಳಗಿಟ್ಟು, ಮಾತಿಲ್ಲದೆ. ಗಂಡಿನ ಕೂಗು ಸಣ್ಣ ಸಿಳ್ಳೆ. ಒಂದರ ಹಿಂದೆ ಒಂದರಂತೆ ಹದಿನೈದು, ಇಪ್ಪತ್ತು ಸಲ ಏರುತ್ತಾ ಹೋಗುತ್ತದೆ. ಹೆಣ್ಣಿನದು ತಗ್ಗಿದ ಒರಟು ದನಿ. ಕೂಗು ಕೇಳಿದ ತಕ್ಷಣ ಹಾಳೆಯಲ್ಲಿ ಬರೆಯಬೇಕು: ಗಂಟೆ ಎಷ್ಟು, ಗಂಡೋ ಹೆಣ್ಣೋ, ದಿಕ್ಸೂಚಿಯಲ್ಲಿ ಯಾವ ದಿಕ್ಕು, ಅಂದಾಜು ಎಷ್ಟು ದೂರ. ಗಾಳಿ, ಮಳೆ ಇತ್ತೇ ಅನ್ನುವುದನ್ನೂ ಬರೆಯಬೇಕು, ಯಾಕೆಂದರೆ ಗಾಳಿ ಬೀಸಿದ ರಾತ್ರಿ ಅರ್ಧ ಕೂಗು ಕೇಳಿಸುವುದೇ ಇಲ್ಲ. ಅತ್ತ ಇನ್ನೊಂದು ಗುಡ್ಡದ ಮೇಲೆ ಕೂತವರೂ ಅದೇ ಕೂಗು ಬರೆದುಕೊಂಡಿದ್ದರೆ, ಎರಡು ದಿಕ್ಕಿನ ಗೆರೆಗಳು ನಕ್ಷೆಯಲ್ಲಿ ಕೂಡುವ ಜಾಗದಲ್ಲಿ ಹಕ್ಕಿ ಇತ್ತು ಅಂತ ಲೆಕ್ಕ.

ಮುಂದಿನ ವರ್ಷ ಮತ್ತೆ ಅದೇ ಗುಡ್ಡ, ಅದೇ ಜಾಗ, ಅದೇ ಹೊತ್ತು. ಒಂದು ವರ್ಷದ ಹಾಳೆಯಿಂದ ಕಾಡಿನಲ್ಲಿ ಇಷ್ಟೇ ಹಕ್ಕಿ ಇವೆ ಅಂತ ಹೇಳಲಾಗುವುದಿಲ್ಲ. ಗಂಟೆಗೆ ಎಷ್ಟು ಕೂಗು ಅನ್ನುವುದು ಹತ್ತು, ಹದಿನೈದು ವರ್ಷದಲ್ಲಿ ಏರಿತೋ ಇಳಿಯಿತೋ ಅಂತ ನೋಡಿದಾಗ ಅದಕ್ಕೆ ಬೆಲೆ. ಅಷ್ಟು ವರ್ಷ ಒಂದೇ ಕಡೆ ಹೋಗಿ ಕೂರಲು ಅಲ್ಲೇ ನೆಲೆಸಿದವರೇ ಆಗಬೇಕು. ಈಗ ದನಿ ಹಿಡಿದಿಡುವ ಯಂತ್ರಗಳನ್ನೂ ಮರಕ್ಕೆ ಕಟ್ಟುತ್ತಾರೆ. ಅವು ಒಳ್ಳೆಯ ಕೆಲಸ ಮಾಡುತ್ತವೆ. ಆದರೂ ಜನ ಬಂದು ಕೂರುವುದು ನಿಲ್ಲಬಾರದು ಅಂತಲೇ ನನಗೆ ಅನಿಸುತ್ತದೆ. ಒಂದು ಸಲ ಆ ಕೂಗು ಕೇಳಿದವರು ಮಾರನೆಯ ದಿನ ಬೋನು ನೋಡಲು ಬೇಸರಿಸುವುದಿಲ್ಲ.

ಎಣಿಸಿದರೆ ಹಕ್ಕಿ ಉಳಿಯುತ್ತದೆಯೇ? ಬರೀ ಎಣಿಸಿದರೆ ಉಳಿಯುವುದಿಲ್ಲ. ಬರೀ ಕೂಗು ನಂಬಿ ಕೂತರೆ ಮೋಸವೂ ಹೋಗಬಹುದು. ಕಿವಿ ಹಕ್ಕಿ ಬಹಳ ವರ್ಷ ಬದುಕುತ್ತದೆ, ಮೂವತ್ತು, ನಲವತ್ತು ವರ್ಷವೂ ಉಂಟು. ಮರಿಗಳೆಲ್ಲ ಸಾಯುತ್ತಿದ್ದರೂ ದೊಡ್ಡ ಹಕ್ಕಿಗಳು ವರ್ಷ ವರ್ಷ ಕೂಗುತ್ತಲೇ ಇರುತ್ತವೆ. ಕೇಳುವವರಿಗೆ ಕಾಡು ಚೆನ್ನಾಗಿದೆ ಅನಿಸುತ್ತದೆ. ಅಲ್ಲಿರುವುದು ಬರೀ ಮುದಿ ಹಕ್ಕಿಗಳು ಅಂತ ಗೊತ್ತಾಗುವುದು ತೀರಾ ತಡವಾಗಿ.

ಅದಕ್ಕೇ ಇನ್ನೊಂದು ಕೆಲಸ ಜೊತೆಗೆ ನಡೆಯುತ್ತದೆ. ನಿಮ್ಮ ಮಗಳ ಊರಿನ ಸುತ್ತ ಇರುವುದು ಕಂದು ಕಿವಿ. ಈ ಜಾತಿಯಲ್ಲಿ ಕಾವು ಕೂರುವುದು ಗಂಡು, ಎಂಬತ್ತು ದಿನದ ಆಸುಪಾಸು. ಆ ಗಂಡಿನ ಕಾಲಿಗೆ ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟುತ್ತಾರೆ. ತರಬೇತಿ ಪಡೆದು ಅನುಮತಿ ಇದ್ದವರು ಮಾತ್ರ ಹಕ್ಕಿಯನ್ನು ಮುಟ್ಟಬಹುದು. ಹಕ್ಕಿಯ ಓಡಾಟ ಕಡಿಮೆಯಾದರೆ ಸಿಗ್ನಲ್ ಬದಲಾಗುತ್ತದೆ, ಕಾವಿಗೆ ಕೂತಿದೆ ಅಂತ ಅರ್ಥ. ಅಲುಗಾಟವೇ ನಿಂತರೆ ಅದಕ್ಕೆ ಬೇರೆ ಸಿಗ್ನಲ್. ಆಂಟೆನಾ ಎತ್ತಿ ಹಿಡಿದು, ಬೀಪ್ ಬೀಪ್ ಕೇಳುತ್ತಾ ಪೊದೆ ಪೊದೆ ಹುಡುಕುತ್ತಾರೆ. ಮೊಟ್ಟೆ ಒಡೆಯಿತೇ, ಮರಿ ಎಷ್ಟು ದಿನ ಬದುಕಿತು ಅಂತ ಗೊತ್ತಾಗುವುದು ಹೀಗೆ.

ಈ ಲೆಕ್ಕದಿಂದ ತಿಳಿದದ್ದು ಎದೆ ಒಡೆಯುವ ವಿಷಯ. ಕಾವಲಿಲ್ಲದ ಕಾಡಿನಲ್ಲಿ ನೂರು ಮರಿ ಹುಟ್ಟಿದರೆ ದೊಡ್ಡದಾಗಿ ಮೊಟ್ಟೆಯಿಡುವ ವಯಸ್ಸಿಗೆ ಬರುವುದು ಐದೋ ಆರೋ. ತಾಯಿ, ತಂದೆ ಅದಕ್ಕೆ ತುತ್ತು ಕೊಡುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯಲ್ಲಿ ಒಂದು ವಾರದಷ್ಟು ಕಾಲ ಕಳೆದು, ಮರಿ ತಾನೇ ಹೊರಗೆ ಬಂದು ಹುಳು ಹುಡುಕಬೇಕು. ಆಗ ಅದನ್ನು ಹಿಡಿಯುವುದು ಸ್ಟೋಟ್. ನೋಡಲು ನಮ್ಮ ಮುಂಗುಸಿಯ ಹಾಗಿರುವ, ಅದಕ್ಕಿಂತ ಚಿಕ್ಕ ಪ್ರಾಣಿ. ಮರಿ ಒಂದು ಕಿಲೋ ದಾಟಿದರೆ ಒದ್ದು ಓಡಿಸುವ ಶಕ್ತಿ ಬರುತ್ತದೆ. ಅಲ್ಲಿಯವರೆಗೆ ಬದುಕಿದರೆ ಬಚಾವ್. 1994ರಿಂದ ಕೆಲವು ಕಡೆ ಮೊಟ್ಟೆಗಳನ್ನೇ ತಂದು ಮರಿ ಮಾಡಿಸಿ, ಆ ತೂಕಕ್ಕೆ ಬೆಳೆಸಿ ಕಾಡಿಗೆ ಬಿಡುತ್ತಿರುವುದು ಇದೇ ಕಾರಣಕ್ಕೆ. ಬೋನು ಸರಿಯಾಗಿ ಇಟ್ಟ ಕಡೆ ಅರ್ಧದಷ್ಟು ಮರಿಗಳು ಕಾಡಿನಲ್ಲೇ ಬದುಕುತ್ತವೆ.

ಈಗ ಪಾಪದ ಮಾತು. ಆ ದೇಶದ ನೆಲದಲ್ಲಿ ಮೊದಲು ಬಾವಲಿ ಬಿಟ್ಟರೆ ಮೊಲೆಯುಣಿಸುವ ಕಾಡುಪ್ರಾಣಿಯೇ ಇರಲಿಲ್ಲ. ಯುರೋಪಿನವರು ಮೊಲ ತಂದರು. ಮೊಲ ಮಿತಿಮೀರಿತು. ಅದನ್ನು ತಿನ್ನಲಿ ಅಂತ 1880ರ ದಶಕದಲ್ಲಿ ಸ್ಟೋಟ್ ತಂದು ಬಿಟ್ಟರು. ಹಕ್ಕಿ ಬಲ್ಲವರು ಬೇಡ ಅಂದರೂ ಕೇಳಲಿಲ್ಲ. ಸ್ಟೋಟ್‌ನದು ಏನೂ ತಪ್ಪಿಲ್ಲ, ಹಸಿವಿಗೆ ತಿನ್ನುತ್ತದೆ. ತಪ್ಪು ಮನುಷ್ಯರದು. ಆದರೆ ಕೊಲ್ಲುವುದು ಬೇಡ ಅಂತ ಕೈಕಟ್ಟಿ ಕೂತರೂ ಸಾವು ತಪ್ಪುವುದಿಲ್ಲ, ನಮ್ಮ ಕಣ್ಣಿಗೆ ಕಾಣದ ಹಾಗೆ ಮರಿಗಳು ಸಾಯುತ್ತವೆ. ಕಾವಲಿಲ್ಲದ ಕಡೆ ಈ ಹಕ್ಕಿ ವರ್ಷಕ್ಕೆ ನೂರಕ್ಕೆ ಎರಡರಂತೆ ಕಡಿಮೆಯಾಗುತ್ತಿದೆ. ದೇಶದಲ್ಲೆಲ್ಲ ಸೇರಿ ಉಳಿದಿರುವುದು ಸುಮಾರು 70,000. ಸ್ಟೋಟ್ ಬೇರೆ ಖಂಡಗಳಲ್ಲಿ ಬೇಕಾದಷ್ಟಿವೆ. ಈ ಹಕ್ಕಿ ಅಲ್ಲಿ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿಲ್ಲ. ಕೊಲ್ಲಲೇಬೇಕಾದರೆ ನೋವು ಕಡಿಮೆ ಇರಲಿ ಅಂತ ಪರೀಕ್ಷೆ ಮಾಡಿದ ಉಕ್ಕಿನ ಟ್ರ್ಯಾಪನ್ನು ಮರದ ಪೆಟ್ಟಿಗೆಯೊಳಗೆ ಇಡುತ್ತಾರೆ. ಬಾಗಿಲು ಚಿಕ್ಕದು, ಕಿವಿ ಹಕ್ಕಿ ಒಳಗೆ ಹೋಗದಂತೆ. ಒಳಗೊಂದು ಕೋಳಿಮೊಟ್ಟೆ, ಇಲ್ಲವೇ ಉಪ್ಪು ಹಚ್ಚಿದ ಮೊಲದ ಮಾಂಸ. ಸತ್ತದ್ದನ್ನು ತೆಗೆದು, ಏನು ಬಿತ್ತು ಅಂತ ದಾಖಲೆ ಮಾಡಿ, ಹೊಸ ಮೊಟ್ಟೆ ಇಟ್ಟು ಮುಂದಿನ ಪೆಟ್ಟಿಗೆಗೆ ನಡೆಯಬೇಕು. ಇದನ್ನು ಖುಷಿಗೆ ಯಾರೂ ಮಾಡುವುದಿಲ್ಲ ಅಮ್ಮಾ. ನಿಮ್ಮ ಮಗಳು ಮಾಡುತ್ತಿರುವುದು ಸರಿ ಅಂತ ನಾನು ನಂಬುತ್ತೇನೆ.

ಇಲಾಖೆ ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಈ ಹಕ್ಕಿ ಸರ್ಕಾರಿ ಕಾಡಿನಲ್ಲಷ್ಟೇ ಇಲ್ಲ. ದನ ಕುರಿ ಮೇಯುವ ಹೊಲದಂಚು, ಪೈನ್ ತೋಪು, ಮನೆಯ ಹಿತ್ತಲು, ಎಲ್ಲ ಕಡೆ ಇದೆ. ಉತ್ತರದ ವಾಂಗಾರೆ ಹೆಡ್ಸ್‌ನಲ್ಲಿ 2001ರ ಹೊತ್ತಿಗೆ ಸುಮಾರು 80 ಹಕ್ಕಿ ಉಳಿದಿದ್ದವು. ಊರಿನವರೇ ತಮ್ಮ ತಮ್ಮ ಜಾಗದಲ್ಲಿ ಬೋನು ಇಟ್ಟು, ನಾಯಿ ಕಟ್ಟಿ ಹಾಕಿ ಕಾದರು. ಈಗ ಅಲ್ಲಿ ನೂರಾರು ಹಕ್ಕಿಗಳಿವೆ. ನಿಮ್ಮ ಮಗಳ ಊರಿನ ಪಶ್ಚಿಮದ ಗುಡ್ಡಗಳಲ್ಲೂ ಅಷ್ಟೇ. ರೈತರು, ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಸಮುದಾಯದವರು, ಪೇಟೆಯ ಜನ ಸೇರಿ ಸುಮಾರು 24,000 ಹೆಕ್ಟೇರ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಟ್ರ್ಯಾಪ್ ಇಟ್ಟರು. ಸ್ಟೋಟ್ ಕಾಟ ತಗ್ಗಿದ್ದು ಖಾತ್ರಿಯಾದ ಮೇಲೆಯೇ, 2022ರ ನವೆಂಬರ್‌ನಲ್ಲಿ, ಮೊದಲ ಹಕ್ಕಿಗಳನ್ನು ಅಲ್ಲಿ ಬಿಟ್ಟರು. ಮರು ವರ್ಷವೇ ಮರಿಗಳಾದವು. ನೂರಕ್ಕೂ ಹೆಚ್ಚು ವರ್ಷಗಳಿಂದ ಆ ಗುಡ್ಡಗಳಲ್ಲಿ ಕಿವಿ ಹಕ್ಕಿ ಇರಲಿಲ್ಲ.

ಉಳಿದದ್ದು ನಾಯಿ. ಸ್ಟೋಟ್ ಮರಿಯನ್ನು ತಿಂದರೆ, ನಾಯಿ ದೊಡ್ಡ ಹಕ್ಕಿಯನ್ನೇ ಕೊಲ್ಲುತ್ತದೆ. ಈ ಹಕ್ಕಿಗೆ ಹಾರುವ ಹಕ್ಕಿಗಿರುವಂಥ ಗಟ್ಟಿ ಎದೆಮೂಳೆ ಇಲ್ಲ. ಆಟಕ್ಕೆ ಬಾಯಲ್ಲಿ ಹಿಡಿದರೂ ಸಾಯುತ್ತದೆ. 1987ರಲ್ಲಿ ವೈಟಾಂಗಿ ಕಾಡಿಗೆ ಒಂದೇ ಒಂದು ಜರ್ಮನ್ ಶೆಫರ್ಡ್ ಹೊಕ್ಕಿತು. ಅಲ್ಲಿ ಸಂಶೋಧನೆಗಾಗಿ ಟ್ರಾನ್ಸ್‌ಮಿಟರ್ ಕಟ್ಟಿದ್ದ 24 ಹಕ್ಕಿಗಳಲ್ಲಿ 13 ಸತ್ತವು. ಆ ಕಾಡಿನಲ್ಲಿದ್ದ ಸುಮಾರು 900 ಹಕ್ಕಿಗಳಲ್ಲಿ 500ರಷ್ಟು ಕೆಲವೇ ವಾರಗಳಲ್ಲಿ ಹೋದವು ಅಂತ ಅದರಿಂದ ಅಂದಾಜು ಮಾಡಿದರು. ಕಾಲಿಗೆ ಆ ಪುಟ್ಟ ಯಂತ್ರ ಕಟ್ಟಿರದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಮಗಳಿಗೆ ಇಷ್ಟು ಹೇಳಿ. ಕಿವಿ ಹಕ್ಕಿಯಿಂದ ದೂರ ಇರುವುದನ್ನು ಕಲಿಸುವ ತರಬೇತಿ ಅಲ್ಲಿ ನಾಯಿಗಳಿಗೆ ಕೊಡುತ್ತಾರೆ. ಹಕ್ಕಿಯ ವಾಸನೆ ಮೂಸಲು ಹೋದರೆ ಕೊರಳಪಟ್ಟಿಯಿಂದ ಸಣ್ಣ ಶಾಕ್ ಬರುತ್ತದೆ, ನಾಯಿ ಹಿಂದೆ ಸರಿಯುತ್ತದೆ. ಒಮ್ಮೆ ಕಲಿಸಿ ಬಿಟ್ಟರೆ ಸಾಲದು, ಆಗಾಗ ಮತ್ತೆ ಕರೆದುಕೊಂಡು ಹೋಗಬೇಕು. ತರಬೇತಿ ಆಗಿದೆ ಅಂತ ಸುಮ್ನೆ ಗುಡ್ಡಕ್ಕೆ ಬಿಡುವ ಹಾಗೂ ಇಲ್ಲ. ರಾತ್ರಿ ಮನೆಯೊಳಗೇ ಇರಬೇಕು, ಹಕ್ಕಿ ಇರುವ ಕಡೆ ಕಟ್ಟಿದ ಹಗ್ಗ ಬಿಚ್ಚಬಾರದು. ಇದಕ್ಕೆಲ್ಲ ಒಪ್ಪಿದರೆ ಸಾಕಲಿ ಬಿಡಿ.

– ಸಂಪಾದಕ